ಎಸ್ಟಿಮೇಟ್ ಚೀಟಿಯಲ್ಲಿ ಬಂದ ಮೂರು ಮೈಕ್

ಸಂಪಾದಕರಿಗೆ,

ಮಾನ್ಯರೇ,

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿವೆ. ನಮ್ಮ ಸೌಂಡ್ ಸೆಟ್‌ಗಳೂ ಗೋಡೌನ್ ಸೇರಿವೆ. ಮಳೆಗಾಲದ ಈ ತಿಂಗಳುಗಳು ನಮ್ಮಂಥವರಿಗೆ ಹಳೆಯದನ್ನು ರಿಪೇರಿ ಮಾಡುವ, ಹೊಸದನ್ನು ಕೊಳ್ಳುವ ಹೊತ್ತು. ಅಷ್ಟಮಿ, ಚೌತಿ ಬರುವುದರೊಳಗೆ ಎಲ್ಲ ತಯಾರಿರಬೇಕು. ಉಡುಪಿ, ಮಂಗಳೂರಿನ ಸೌಂಡ್ಸ್, ಲೈಟಿಂಗ್ಸ್‌ನವರು ಈಗ ಫೋನಿನಲ್ಲಿ ರೇಟು ಕೇಳುತ್ತಾ ಕೂತಿರುತ್ತಾರೆ. ಅದಕ್ಕೇ ನಕಲಿ ಮೈಕ್, ವಯರುಗಳ ಬಗ್ಗೆ ಈ ಪತ್ರವನ್ನು ಈಗಲೇ ಬರೆಯುತ್ತಿದ್ದೇನೆ.

ನಾನು ಹಿರಿಯಡ್ಕದ ಕಡೆಯವನು. ಅಪ್ಪ 1986ರಲ್ಲಿ ಒಂದು ಅಹುಜಾ ಆಂಪ್ಲಿಫೈಯರ್, ಎರಡು ಹಾರನ್, ಒಂದು ಬ್ಯಾಟರಿ ಇಟ್ಟುಕೊಂಡು ಈ ಕೆಲಸ ಶುರು ಮಾಡಿದರು. ಅದನ್ನು ಮಂಗಳೂರಿನ ಹಂಪನಕಟ್ಟೆಗೆ ಹೋಗಿ ಕೊಂಡದ್ದು. ಎರಡು ಬಸ್ ಬದಲಿಸಿ, ಆಂಪ್ಲಿಫೈಯರನ್ನು ತೊಡೆಯ ಮೇಲೆ ಇಟ್ಟುಕೊಂಡು ತಂದರಂತೆ. ಕಂಡೆನ್ಸರ್ ನಾಲ್ಕೈದು ಸಲ ಬದಲಾಗಿದೆ, ಟ್ರಾನ್ಸ್‌ಫಾರ್ಮರ್ ಅದೇ ಇದೆ, ಈಗಲೂ ಹಾಡುತ್ತದೆ. ಅದರ ಬಿಲ್ ನಮ್ಮ ಮನೆಯಲ್ಲಿ ದೇವರ ಫೋಟೊದ ಹಿಂದೆ ಇದೆ. ಬಿಲ್ಲನ್ನು ದೇವರ ಹಿಂದೆ ಯಾಕೆ ಇಡಬೇಕು ಅಂತ ಚಿಕ್ಕವನಿದ್ದಾಗ ನಗುತ್ತಿದ್ದೆ.

2019ರಲ್ಲಿ ನಾನು ಬೆಂಗಳೂರಿಗೆ ಹೋಗಿ ಮೂರು ಮೈಕ್ ತಂದೆ. ಶೂರ್ ಕಂಪನಿಯ ಎಸ್‌ಎಂ 58. ಈ ಮೈಕ್ ಗೊತ್ತಿಲ್ಲದ ಸೌಂಡಿನವರು ಇಲ್ಲ. 1966ರಲ್ಲಿ ಅಮೆರಿಕದಲ್ಲಿ ಬಂದದ್ದು, ಇವತ್ತಿಗೂ ಹೆಚ್ಚು ಕಡಿಮೆ ಅದೇ ರೂಪದಲ್ಲಿ ಮಾರಾಟವಾಗುತ್ತಿದೆ. ಭಾಗವತರು, ಭಜನೆಯವರು, ಮದುವೆ ಮನೆಯ ಆರ್ಕೆಸ್ಟ್ರಾದವರು ಎಲ್ಲರೂ ಕೇಳುವುದು ಅದನ್ನೇ. ಕಂಪನಿಯ ಡೀಲರ್ ಒಂದಕ್ಕೆ ಒಂಬತ್ತು ಸಾವಿರದ ಮೇಲೆ ಹೇಳಿದ್ದರು. ನಾನು ಹೋದ ಅಂಗಡಿಯಲ್ಲಿ 3,200. "ಅಣ್ಣ, ಇದು ಡೈರೆಕ್ಟ್ ಇಂಪೋರ್ಟ್ ಮಾಲು. ಬಿಲ್ ಬೇಕಂದ್ರೆ ಹದಿನೆಂಟು ಪರ್ಸೆಂಟ್ ಜಾಸ್ತಿ ಆಗುತ್ತೆ" ಅಂದ. ಬಿಳಿ ಹಾಳೆಯ ಮೇಲೆ ಎಸ್ಟಿಮೇಟ್ ಅಂತ ಬರೆದು ಕೊಟ್ಟ. ಅಂಗಡಿಯ ಹೆಸರೂ ಇಲ್ಲ, ನನ್ನ ಹೆಸರೂ ಇಲ್ಲ. ಮೂರು ಮೈಕಿಗೆ 9,600. ಒಂದರ ದುಡ್ಡಿನಲ್ಲಿ ಮೂರು ಬಂತು ಅಂತ ರಾತ್ರಿ ಬಸ್ಸಿನಲ್ಲಿ ನಿದ್ದೆ ಕೂಡ ಚೆನ್ನಾಗಿ ಬಂತು.

ಆ ವರ್ಷ ಪೆರ್ಡೂರಿನ ಹತ್ತಿರ ಒಂದು ಮನೆಯ ಹರಕೆಯ ಯಕ್ಷಗಾನ ಆಟ. ಗದ್ದೆಯಲ್ಲಿ ರಂಗಸ್ಥಳ. ಮನೆಯವರು ನಾಲ್ಕು ವರ್ಷ ಕಾದು ಮಾಡಿಸಿದ ಸೇವೆ. ಪೂರ್ವರಂಗ ಏನೋ ಸುಧಾರಿಸಿಕೊಂಡು ಹೋಯಿತು. ಮುಖ್ಯ ಭಾಗವತರು ಬಂದು ಕೂತು ಪದ್ಯ ಎತ್ತಿದರು ನೋಡಿ, ಮೈಕ್ ಕುಯ್ಯೋ ಅಂತ ಕೂಗಿತು. ವಾಲ್ಯೂಮ್ ಇಳಿಸಿದೆ, ಚೆಂಡೆಯ ಎದುರು ಪದ್ಯ ಕೇಳುವುದಿಲ್ಲ. ಏರಿಸಿದೆ, ಮತ್ತೆ ಕೂಗು. ಭಾಗವತರಿಗೆ ತಮ್ಮ ಸ್ವರ ಕೇಳಲೆಂದು ಇಟ್ಟ ಮಾನಿಟರ್ ಬಾಕ್ಸ್ ತಿರುಗಿಸಿದೆ, ಈಕ್ವಲೈಜರ್ ಎಲ್ಲ ಎಳೆದಾಡಿದೆ. ಭಾಗವತರು ಮೈಕಿಗೆ ತುಟಿ ತಾಗಿಸಿ, ಸ್ವರ ಎತ್ತರಿಸಿ ಹಾಡಿದರು. ಎರಡು ಗಂಟೆಯ ಹೊತ್ತಿಗೆ ಗಂಟಲು ಕಟ್ಟಿತು. ವೇಷ ಕಟ್ಟುವ ಚೌಕಿಯ ಹತ್ತಿರ ಬಿಸಿನೀರು ಕುಡಿಯುತ್ತಾ ನನ್ನನ್ನು ಕರೆದರು. "ಎಂತ ಮಾರಾಯಾ, ನಾನು ಬಾಯಿ ಬಿಡುವ ಮೊದಲೇ ನಿನ್ನ ಮೈಕ್ ಪದ್ಯ ಹೇಳ್ತದಲ್ಲ?" ಬೈದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ. ಬೆಳಿಗ್ಗೆ ಮನೆಯ ಯಜಮಾನರು ಪೂರ್ತಿ ಬಾಡಿಗೆ ಕೊಟ್ಟರು. ನಾನು ಅರ್ಧ ವಾಪಸ್ ಕೊಟ್ಟು ಬಂದೆ.

ಮಂಗಳೂರಿನಲ್ಲಿ ಒಬ್ಬರು ಹಳೆಯ ರಿಪೇರಿಯವರು ಇದ್ದಾರೆ. ಅವರ ಹತ್ತಿರ ಕೊಂಡುಹೋದೆ. ಅವರು ಮೈಕನ್ನು ಬಿಚ್ಚಲೇ ಇಲ್ಲ. ಪಕ್ಕದ ಜೀನಸಿನ ಅಂಗಡಿಗೆ ಕರೆದುಕೊಂಡು ಹೋಗಿ ಬೆಲ್ಲ ತೂಗುವ ತಕ್ಕಡಿಯ ಮೇಲೆ ಇಟ್ಟರು. ಈ ಮೈಕಿಗೆ ಕಂಪನಿ ಹೇಳುವ ತೂಕ 298 ಗ್ರಾಂ. ನನ್ನದರಲ್ಲಿ ಎರಡು 240 ಗ್ರಾಂ ಕೂಡ ಇರಲಿಲ್ಲ. ಮೂರನೆಯದು ಸರಿಯಾಗಿ ತೂಗಿತು. ಒಂದಾದರೂ ಒರಿಜಿನಲ್ ಸಿಕ್ಕಿತಲ್ಲ ಅಂತ ನನಗೆ ಖುಷಿ. ಅವರು ನಕ್ಕು ಅದರ ತಲೆ ತಿರುಗಿಸಿ ಬಿಚ್ಚಿದರು. ಹಿಡಿಯ ಒಳಗೆ ಒಂದು ಕಬ್ಬಿಣದ ತುಂಡನ್ನು ಅಂಟಿಸಿದ್ದರು, ತೂಕಕ್ಕೆಂದೇ. ಹಾಲಿಗೆ ನೀರು ಹಾಕುವವನು ಲ್ಯಾಕ್ಟೋಮೀಟರ್ ನೋಡಿ ಸಕ್ಕರೆ ಸೇರಿಸಿದ ಹಾಗೆ.

ಇನ್ನೊಂದು ಗುರುತು ನನ್ನ ಕಣ್ಣೆದುರೇ ಇತ್ತು. ನನ್ನ ಮೂರೂ ಮೈಕಿಗೆ ಆನ್ ಆಫ್ ಸ್ವಿಚ್ ಇತ್ತು. ಪೆಟ್ಟಿಗೆಯ ಮೇಲೆ ಬರೆದದ್ದು ಎಸ್‌ಎಂ 58 ಅಂತ ಮಾತ್ರ. ಸ್ವಿಚ್ ಇರುವ ಮಾದರಿಗೆ ಕಂಪನಿ ಕೊನೆಗೊಂದು ಎಸ್ ಸೇರಿಸುತ್ತದೆ. ಎಸ್ ಇಲ್ಲದ್ದಕ್ಕೆ ಸ್ವಿಚ್ಚೇ ಇಲ್ಲ. ಹದಿನೈದು ವರ್ಷ ಮೈಕ್ ಹಿಡಿದ ನನಗೆ ಇದು ಹೊಳೆಯಲಿಲ್ಲ. ಅಗ್ಗದ ದರ ಕಂಡಾಗ ಕಣ್ಣು ಮಂಜಾಗುತ್ತದೆ, ಅಷ್ಟೆ.

ಅದು ಯಾಕೆ ಕೂಗಿತು ಅಂತಲೂ ಅವರೇ ಹೇಳಿದರು. ಒಳ್ಳೆಯ ಹಾಡುವ ಮೈಕ್ ಎಲ್ಲ ಕಡೆಯಿಂದ ಒಂದೇ ಸಮ ಕೇಳಿಸಿಕೊಳ್ಳುವುದಿಲ್ಲ. ಮುಂದಿನಿಂದ ಬಂದದ್ದನ್ನು ಚೆನ್ನಾಗಿ, ಬದಿಯಿಂದ ಬಂದದ್ದನ್ನು ಕಡಿಮೆ, ಹಿಂದಿನಿಂದ ಬಂದದ್ದನ್ನು ತೀರಾ ಕಡಿಮೆ ಹಿಡಿಯುತ್ತದೆ. ಭಾಗವತರ ಎದುರಿಗೆ ಇಡುವ ಮಾನಿಟರ್ ಮೈಕಿನ ಬೆನ್ನಿಗೆ ಬರುತ್ತದೆ. ಹಾಗಾಗಿ ಅದರ ಸದ್ದು ಮತ್ತೆ ಮೈಕಿನೊಳಗೆ ಹೋಗಿ ಸುತ್ತು ಹೊಡೆಯುವುದಿಲ್ಲ. ಈ ಗುಣ ಬರುವುದು ಮೈಕಿನೊಳಗೆ ಸದ್ದು ಹಿಡಿಯುವ ಕ್ಯಾಪ್ಸೂಲಿನ ಹಿಂದೆ ಗಾಳಿ ಹೋಗಲು ಬಿಟ್ಟ ಸಣ್ಣ ದಾರಿಗಳ ಅಳತೆಯಿಂದ. ನಕಲಿ ಮಾಡುವವನು ಜಾಲರಿ, ಬಣ್ಣ, ಅಕ್ಷರ ಎಲ್ಲ ತದ್ರೂಪು ಮಾಡುತ್ತಾನೆ. ಆ ಅಳತೆಯ ಗೋಜಿಗೆ ಹೋಗುವುದಿಲ್ಲ, ಹೊರಗೆ ಕಾಣುವುದಿಲ್ಲವಲ್ಲ. ಅದು ಹಿಂದಿನದನ್ನೂ ಮುಂದಿನದನ್ನೂ ಒಟ್ಟಿಗೆ ಹೀರಿಕೊಂಡು ಕೂಗುತ್ತದೆ.

ಇಲ್ಲಿ ಒಂದು ಮಾತು. ಅಗ್ಗದ್ದು ಬೇರೆ, ನಕಲಿ ಬೇರೆ. ಸಾವಿರದೈನೂರಕ್ಕೆ ತನ್ನದೇ ಹೆಸರು ಹಾಕಿಕೊಂಡು ಬರುವ ಮೈಕ್ ಕೆಟ್ಟದ್ದಲ್ಲ. ಶಾಲೆಯ ಭಾಷಣಕ್ಕೆ, ಲಕ್ಕಿಡಿಪ್ ಕೂಗಲಿಕ್ಕೆ ಅದು ಸಾಕು. ನಮ್ಮ ಊರಿನ ಆಚಾರಿಯವರೇ ಪ್ಲೈವುಡ್‌ನಲ್ಲಿ ಸ್ಪೀಕರ್ ಬಾಕ್ಸ್ ಮಾಡಿಕೊಡುತ್ತಾರೆ, ಅದರೊಳಗೆ ಸಾಧಾರಣ ಕೋನ್ ಹಾಕಿ ನಾವು ಎಷ್ಟೋ ದೈವದ ನೇಮ ಮುಗಿಸಿದ್ದೇವೆ. ಮೋಸ ಶುರುವಾಗುವುದು ಅದರ ಮೇಲೆ ಬೇರೆಯವರ ಹೆಸರು ಅಂಟಿಸಿದಾಗ.

ಅದನ್ನು ನಾನೂ ಮಾಡಿದ್ದೇನೆ, ಹೇಳಿಬಿಡುತ್ತೇನೆ. ಅದೇ ಆಚಾರಿ ಬಾಕ್ಸಿಗೆ ಜೆಬಿಎಲ್ ಅಂತ ದೊಡ್ಡ ಸ್ಪೀಕರ್ ಕಂಪನಿಯ ಹೆಸರು ಬರೆದ ಕೇಸರಿ ಬಣ್ಣದ ಪಟ್ಟಿ ತಂದು ಅಂಟಿಸಿದ್ದೆ. ಒಂದಕ್ಕೆ ಅರವತ್ತು ರೂಪಾಯಿ. ಮದುವೆಯವರು ಅದನ್ನು ನೋಡಿ ಬಾಡಿಗೆ ಐನೂರು ಜಾಸ್ತಿ ಕೊಟ್ಟಿದ್ದರು. ಮೈಕಿನ ಕತೆ ಆದ ಮೇಲೆ ಸ್ಕ್ರೂಡ್ರೈವರ್‌ನಲ್ಲಿ ಎಬ್ಬಿಸಿ ತೆಗೆದೆ. ಗೋಂದಿನ ಗುರುತು ಇನ್ನೂ ಇದೆ. ಸುಳ್ಳು ಟ್ರೇಡ್‌ಮಾರ್ಕ್ ಹಾಕುವುದಕ್ಕೂ, ಹಾಕಿದ್ದನ್ನು ಮಾರುವುದಕ್ಕೂ 1999ರ ಟ್ರೇಡ್‌ಮಾರ್ಕ್ ಕಾಯಿದೆಯಲ್ಲಿ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಜೈಲು, ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ ಅಂತ ಆಮೇಲೆ ಗೊತ್ತಾಯಿತು. ಅರವತ್ತು ರೂಪಾಯಿಯ ಪಟ್ಟಿಗೆ!

ಮೈಕ್ ಕೂಗಿದರೆ ಮರ್ಯಾದೆ ಹೋಗುತ್ತದೆ. ಲೈಟಿನ ಸಾಮಾನು ನಕಲಿ ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಕಾಪು ಕಡೆಯ ಒಂದು ಮದರಂಗಿ ಕಾರ್ಯಕ್ರಮ. ಅಂಗಳದಲ್ಲಿ ಮಡಲಿನ ಚಪ್ಪರ, ಒಳಗೆ ಬಟ್ಟೆಯ ಅಲಂಕಾರ. ಹನ್ನೆರಡು ಎಲ್‌ಇಡಿ ಪಾರ್ ಲೈಟು, ನಾಲ್ಕು ಶಾರ್ಪಿ. (ಶಾರ್ಪಿ ಅನ್ನುವುದು ಇಟಲಿಯ ಒಂದು ಕಂಪನಿಯ ಲೈಟಿನ ಹೆಸರು. ನಮ್ಮಲ್ಲಿ ಆಕಾಶಕ್ಕೆ ಬೀಮ್ ಬಿಡುವುದೆಲ್ಲ ಶಾರ್ಪಿಯೇ.) ಎಲ್ಲ ಸೇರಿ ಎರಡು ಸಾವಿರ ವ್ಯಾಟ್, ಅಂದರೆ ಒಂಬತ್ತು ಆಂಪಿಯರ್ ಆಸುಪಾಸು. 1.5 ಚದರ ಮಿಲಿಮೀಟರ್ ತಾಮ್ರದ ವಯರಿಗೆ ಅದು ದೊಡ್ಡ ಭಾರವೇನೂ ಅಲ್ಲ. ಆದರೆ ಒಂಬತ್ತೂವರೆಗೆ ಸುಟ್ಟ ವಾಸನೆ. ವಯರ್ ಸುತ್ತಿಟ್ಟ ರೀಲು ಮುಟ್ಟಿದರೆ ಕೈ ಸುಡುತ್ತಿತ್ತು. ಪ್ಲಗ್ಗಿನ ಪ್ಲಾಸ್ಟಿಕ್ ಕರಗಿ ಪಿನ್ ವಾಲಿತ್ತು. ಚಪ್ಪರದ ಕಂಬ ಅಲ್ಲಿಂದ ಒಂದು ಮಾರು ದೂರ. ಮೇನ್ ಎಳೆದೆ. ಮದುಮಗಳ ಕೈಗೆ ಮದರಂಗಿ ಹಚ್ಚುತ್ತಿದ್ದ ಹುಡುಗಿಯರು ಕರೆಂಟ್ ಹೋಯಿತೆಂದು ಕೂಗು ಹಾಕಿ ನಗುತ್ತಿದ್ದರು. ಅವರಿಗೆ ಕಾರಣ ಗೊತ್ತಾಗದಿದ್ದದ್ದೇ ಒಳ್ಳೆಯದಾಯಿತು.

ಉಳಿದ ವಯರನ್ನು ಬಿಚ್ಚದೆ ಸುರುಳಿಯಲ್ಲೇ ಬಿಟ್ಟದ್ದು ನನ್ನ ತಪ್ಪು. ಸುರುಳಿಯಲ್ಲಿ ಬಿಸಿ ಹೊರಗೆ ಹೋಗುವುದಿಲ್ಲ. ಆದರೆ ಮನೆಗೆ ತಂದು ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಕೆಂಪಿನ ಒಳಗೆ ಬಿಳಿ ಕಂಡಿತು. ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ಅಲ್ಯೂಮಿನಿಯಂಗೆ ಕರೆಂಟ್ ಹರಿಯಲು ಬಿಡುವ ಗುಣ ತಾಮ್ರದ ಶೇ 60ರಷ್ಟು ಮಾತ್ರ. ನಮ್ಮ ಕಡಲ ಬದಿಯ ಉಪ್ಪು ಗಾಳಿಗೆ ತುದಿಗಳು ಬೇಗ ಹಾಳಾಗಿ, ಸ್ಕ್ರೂ ಹಾಕಿದಲ್ಲಿ ಸಡಿಲಾಗಿ ಇನ್ನಷ್ಟು ಬಿಸಿಯಾಗುತ್ತದೆ. ಸಿಪ್ಪೆಯ ಮೇಲೆ ಹೆಸರಾದ ಕಂಪನಿಯ ಮುದ್ರೆ, ಐಎಸ್‌ಐ ಗುರುತು ಎರಡೂ ಇತ್ತು. ಎತ್ತಿ ನೋಡಿದ್ದರೆ ಆಗಲೇ ತಿಳಿಯುತ್ತಿತ್ತು. ಅಲ್ಯೂಮಿನಿಯಂ ತಾಮ್ರದ ಮೂರನೇ ಒಂದು ಭಾಗ ತೂಗುತ್ತದೆ, ಅಷ್ಟೆ. ಆ ಕಾಯಿಲನ್ನು ನನ್ನ ಮಗ ಒಂದೇ ಕೈಯಲ್ಲಿ ಎತ್ತಿಕೊಂಡು ಬಂದಿದ್ದ. ಹುಡುಗ ಗಟ್ಟಿಯಾದ ಅಂತ ನಾನು ಹೆಮ್ಮೆ ಪಟ್ಟಿದ್ದೆ.

ಈಗ ನಾನು ಏನು ಮಾಡುತ್ತೇನೆ ಅಂದರೆ, ಮೊದಲು ಕಂಪನಿಯ ವೆಬ್‌ಸೈಟಿನಲ್ಲಿ ಅಧಿಕೃತ ಡೀಲರುಗಳ ಪಟ್ಟಿ ನೋಡುತ್ತೇನೆ. ಅಂಗಡಿಯ ಗೋಡೆಗೆ ಹಾಕಿದ ಸರ್ಟಿಫಿಕೇಟನ್ನು ನಂಬುವುದಿಲ್ಲ. ಮೈಕ್ ತದ್ರೂಪು ಮಾಡುವವನಿಗೆ ಒಂದು ಕಾಗದ ಕಷ್ಟವಾ? ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕಂಪನಿಯ ಭಾರತದ ನಂಬರಿಗೆ ಫೋನ್ ಮಾಡಿ ಕೇಳುತ್ತೇನೆ. ಹೊರದೇಶದ ಮಾಲಾದರೆ ಪೆಟ್ಟಿಗೆಯ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ ಇರಲೇಬೇಕು, ಅದು ಕಾನೂನು. ಮಿಕ್ಸರಿನ ಅಡಾಪ್ಟರ್ ತಿರುಗಿಸಿದರೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ನಂಬರ್ ಕಾಣಬೇಕು. ಬಿಐಎಸ್ ಕೇರ್ ಅನ್ನುವ ಸರಕಾರಿ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾರ ಹೆಸರಿನಲ್ಲಿದೆ ಅಂತ ತೋರಿಸುತ್ತದೆ. ವಯರಿನ ಐಎಸ್‌ಐ ಗುರುತಿನ ಲೈಸೆನ್ಸ್ ನಂಬರನ್ನೂ ಅದರಲ್ಲೇ ನೋಡಬಹುದು. ಬಿಲ್ಲಿನಲ್ಲಿ ಮಾದರಿಯ ಹೆಸರು ಪೂರ್ತಿ ಬರೆಯಬೇಕು, ಸೀರಿಯಲ್ ನಂಬರ್ ಇರುವ ಸಾಮಾನಾದರೆ ಅದೂ ಬೇಕು ಅಂತ ಹಟ ಮಾಡುತ್ತೇನೆ. ಬರೀ "ಮೈಕ್ 3" ಅಂತ ಬರೆದರೆ ಅದು ಬಿಲ್ಲಲ್ಲ. ಜಿಎಸ್‌ಟಿ ನಂಬರ್ ಹದಿನೈದು ಅಕ್ಷರದ್ದು, ಕರ್ನಾಟಕದ್ದಾದರೆ 29ರಿಂದ ಶುರು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಅಂಗಡಿಯ ನಿಜವಾದ ಹೆಸರು ಬರುತ್ತದೆ. ಕೌಂಟರಿನ ಎದುರು ನಿಂತೇ ನೋಡುತ್ತೇನೆ. ಈಗ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಅಲ್ಲಿಂದ ಹೊರಡುತ್ತೇನೆ.

ಬಾಕ್ಸಿನ ಮೇಲೆ ಬರೆಯುವ ವ್ಯಾಟಿನ ಬಗ್ಗೆಯೂ ಒಂದು ಲೆಕ್ಕ. ಮನೆಯ ಸಣ್ಣ ಪ್ಲಗ್ ಆರು ಆಂಪಿಯರಿನದ್ದು. ಆರನ್ನು 230ರಿಂದ ಗುಣಿಸಿದರೆ 1,380 ವ್ಯಾಟ್. ಆ ಪ್ಲಗ್ಗಿಗೆ ಸಿಕ್ಕಿಸುವ ಪೆಟ್ಟಿಗೆಯ ಮೇಲೆ 5,000 ವ್ಯಾಟ್ ಅಂತ ಬರೆದಿದ್ದರೆ, ಉಳಿದದ್ದು ಎಲ್ಲಿಂದ ಬರುತ್ತದೆ ಅಂತ ಅಂಗಡಿಯವನನ್ನೇ ಕೇಳಿ.

ಮೋಸ ಹೋದ ಮೇಲೆ ದೂರು ಕೊಡಲಿಲ್ಲವೇ ಅಂತ ನೀವು ಕೇಳಬಹುದು. ಒಬ್ಬರು ವಕೀಲರನ್ನು ಕೇಳಿದ್ದೆ. ವ್ಯಾಪಾರಕ್ಕೆಂದು ಕೊಂಡವನು ಗ್ರಾಹಕ ಆಗುವುದಿಲ್ಲ, ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವನು ಗ್ರಾಹಕನೇ ಅಂದರು. ಅಂದರೆ ನಾನೂ ಲೆಕ್ಕಕ್ಕೆ ಬರುತ್ತೇನೆ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದ ಒಳಗೆ ಹೋಗಬಹುದು, ಸಾಮಾನಿಗೆ ಕೊಟ್ಟ ದುಡ್ಡು ಐದು ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. ಇಷ್ಟೆಲ್ಲ ಹೇಳಿ ಕೊನೆಗೆ "ಬಿಲ್ ಕೊಡಿ, ನೋಡುವ" ಅಂತ ಕೈ ಚಾಚಿದರು. ನಾನು ಎಸ್ಟಿಮೇಟ್ ಚೀಟಿ ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, ಹಿಂದೆ ಖಾಲಿ ಇದ್ದ ಬದಿಯಲ್ಲಿ ಬೇರೆ ಯಾರದೋ ಫೋನ್ ನಂಬರ್ ಬರೆದುಕೊಂಡರು. ಅಪ್ಪ ಬಿಲ್ಲನ್ನು ದೇವರ ಹಿಂದೆ ಇಟ್ಟದ್ದು ಯಾಕೆ ಅಂತ ಆವತ್ತು ತಿಳಿಯಿತು.

ಡೀಲರುಗಳ ಮೇಲೂ ನನಗೆ ತಕರಾರಿದೆ, ಅದನ್ನೂ ಬರೆಯದಿದ್ದರೆ ಈ ಪತ್ರ ಅವರ ಜಾಹೀರಾತಿನ ಹಾಗೆ ಆಗುತ್ತದೆ. ಒರಿಜಿನಲ್ ತೆಗೆದುಕೊಳ್ಳಿ ಅನ್ನುತ್ತೀರಿ, ಸರಿ. ಡಿಸೆಂಬರಿನಲ್ಲಿ ದಿನಕ್ಕೊಂದು ಕಾರ್ಯಕ್ರಮ ಇರುವಾಗ ಆಂಪ್ಲಿಫೈಯರ್ ಹೋದರೆ ವಾರಂಟಿಗೆಂದು ಬೆಂಗಳೂರಿಗೆ ಪಾರ್ಸೆಲ್ ಮಾಡಿ ತಿಂಗಳುಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಸೀಸನ್ ಮುಗಿದಿರುತ್ತದೆ. ಕೋನಿನ ಕಾಯಿಲ್, ಮೈಕಿನ ಕ್ಯಾಪ್ಸೂಲ್ ಇಂಥ ಬಿಡಿಭಾಗಗಳನ್ನಾದರೂ ಮಂಗಳೂರಿನಲ್ಲಿ ಸ್ಟಾಕ್ ಇಡಿ. ಅದು ಸಿಗದೇ ಇದ್ದಾಗಲೇ ಹುಡುಗರು ಡೂಪ್ಲಿಕೇಟಿನ ಕಡೆ ಹೋಗುವುದು. ಮಳೆಗಾಲದ ಆಟಿ ತಿಂಗಳಲ್ಲಿ ಒಂದು ದಿನ ಕಂಪನಿಯವರು ಉಡುಪಿಗೆ ಬಂದು ಕೂತರೆ ನಾವೆಲ್ಲ ಸೆಟ್ ಹೊತ್ತು ತಂದು ತೋರಿಸುತ್ತೇವೆ. ಯಾವುದು ಅಸಲಿ, ಯಾವುದು ನಕಲಿ ಹೇಳಿಬಿಡಿ. ನಕಲಿ ಸಿಕ್ಕಿದವನನ್ನು ಕಳ್ಳನ ಹಾಗೆ ನೋಡಬೇಡಿ, ಅಷ್ಟು ಮಾಡಿದರೆ ಸಾಕು.

ಕಾರ್ಯಕ್ರಮ ಮಾಡಿಸುವ ಸಮಿತಿಯವರಿಗೂ ಒಂದು ಮಾತು. ಹೂವಿನ ಅಲಂಕಾರಕ್ಕೆ ಕೇಳಿದಷ್ಟು ಕೊಡುತ್ತೀರಿ. ಮೈಕಿನವನ ಹತ್ತಿರ ಮಾತ್ರ ಪಕ್ಕದ ಊರಿನವನು ಎರಡು ಸಾವಿರ ಕಡಿಮೆಗೆ ಬರುತ್ತಾನೆ ಅನ್ನುತ್ತೀರಿ. ಅವನು ಹೇಗೆ ಬರುತ್ತಾನೆ ಅಂತ ಒಮ್ಮೆ ಅವನ ವಯರನ್ನು ಎತ್ತಿ ನೋಡಿ.

ಆ ಮೂರು ಮೈಕ್ ಈಗಲೂ ನನ್ನ ಹತ್ತಿರವೇ ಇವೆ. ತಪ್ಪಿ ಕೂಡ ಸೆಟ್ಟಿನೊಳಗೆ ಸೇರಬಾರದು ಅಂತ ಕೆಂಪು ಇನ್ಸುಲೇಷನ್ ಟೇಪ್ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ಮಗ ಹಳೆಯ ಸಾಮಾನು ಮಾರುವ ಆ್ಯಪ್‌ನಲ್ಲಿ ಹಾಕುವ ಅಂದ, ಬೇಡ ಅಂದೆ. ಆದರೂ ಅವನು ಯಾರಿಗೋ ಫೋಟೊ ಕಳಿಸಿದ್ದಾನೆ. ಕಳೆದ ವಾರ ಬ್ರಹ್ಮಾವರದಿಂದ ಒಬ್ಬ ಹುಡುಗ ಫೋನ್ ಮಾಡಿ, "ಅಣ್ಣಾ, ಎಸ್‌ಎಂ 58 ಉಂಟಂತಲ್ಲ, ಎರಡು ಸಾವಿರಕ್ಕೆ ಕೊಡ್ತೀರಾ?" ಅಂದ. ನಕಲಿ ಅಂತ ಹೇಳಿದೆ. "ಪರವಾಗಿಲ್ಲ ಅಣ್ಣಾ, ನೋಡ್ಲಿಕ್ಕೆ ಹಾಗೇ ಉಂಟಲ್ಲ?" ಅಂದ. ಅವನಿಗೆ ಮನೆಗೆ ಬರಲು ಹೇಳಿದ್ದೇನೆ. ಮೈಕ್ ಕೊಡುವುದಿಲ್ಲ. ಒರಿಜಿನಲ್ ಒಂದು, ಇದೊಂದು ಎರಡನ್ನೂ ಅಪ್ಪನ ಆಂಪ್ಲಿಫೈಯರಿಗೆ ಹಾಕಿ ಅವನ ಕೈಗೇ ಕೊಡುತ್ತೇನೆ. ಹಾಡಿ ನೋಡಲಿ.

ಇತಿ,
ಒಬ್ಬ ಮೈಕ್ ಸೆಟ್‌ನವನು
ಹಿರಿಯಡ್ಕ, ಉಡುಪಿ ಜಿಲ್ಲೆ